ಸೊಸೆ ನಿಯಮ ಎಡಿನ್‌ಬರೋಗೆ ಹೋಗಿ ಬಂದದ್ದು

ಹೊನ್ನವಳ್ಳಿ

ನಾನೊಂದು ಹೋಬಳಿ ಕಟ್ಟಿದ್ದೇನೆ ಎಂದರೆ ನಮ್ಮ ಕಡೆಯವರು ನಗುತ್ತಾರೆ. ಕಟ್ಟಿದ್ದು ನಿಜ, ಆದರೆ ಕಂಪ್ಯೂಟರಿನೊಳಗೆ. ತಿಪಟೂರಿನ ಕಾಲೇಜೊಂದರಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಕೆಲಸ ನನ್ನದು. ಪಾಠ ಮುಗಿದು ಲ್ಯಾಬ್ ಖಾಲಿಯಾದ ಮೇಲೆ, ಕರೆಂಟ್ ಇದ್ದರೆ, ಹೋಬಳಿಯ ಕೆಲಸ ಶುರು. ಅದರಲ್ಲಿ ಹನ್ನೆರಡು ಹಳ್ಳಿ, ಹಳ್ಳಿಗಳಲ್ಲಿ ಮನೆ, ಮನೆಗಳಲ್ಲಿ ಪುಟಾಣಿ ಜನ. ಅವರು ಹುಟ್ಟುತ್ತಾರೆ, ತಾಯಿಯಿಂದ ಮಾತು ಕಲಿಯುತ್ತಾರೆ, ವಾರಕ್ಕೊಮ್ಮೆ ಸಂತೆಯಲ್ಲಿ ಸೇರಿ ಪಕ್ಕದೂರಿನವರ ಮಾತು ಕೇಳುತ್ತಾರೆ, ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ, ಸಾಯುತ್ತಾರೆ. ಒಂದೇ ಭಾಷೆ ಊರೂರಿಗೆ ಬೇರೆಯಾಗುವುದು ಹೇಗೆಂದು ಕಣ್ಣಾರೆ ನೋಡುವ ಹುಚ್ಚು ನನಗೆ. ನಿಜವಾದ ಊರಿನಲ್ಲಿ ಅದನ್ನು ನೋಡಲು ಎಷ್ಟೋ ತಲೆಮಾರು ಕಾಯಬೇಕು. ಕಂಪ್ಯೂಟರಿನಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮರಿಮಕ್ಕಳ ಕಾಲ ಬಂದಿರುತ್ತದೆ.

ಈ ಹುಚ್ಚು ನನ್ನೊಬ್ಬಳದೇ ಎಂದುಕೊಂಡಿದ್ದೆ. ತಿಪಟೂರಿನ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದಾಗ ಇಂಥವರದೇ ಒಂದು ಬಳಗ ಇದೆಯೆಂದೂ, ಅದು ಬೇಸಿಗೆಯಲ್ಲಿ ಒಂದು ವಾರ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸೇರುತ್ತದೆಂದೂ ತಿಳಿಯಿತು. ಬರೆದೆ. ಬನ್ನಿ ಎಂದರು. ಬಂದವರು ಕೊನೆಯ ದಿನ, ಶುಕ್ರವಾರ, ತಮ್ಮ ಪ್ರೋಗ್ರಾಂ ಓಡಿಸಿ ತೋರಿಸಬೇಕು. ಸಭೆ ಒಪ್ಪಿದ್ದನ್ನು ಎಲ್ಲರೂ ಸೇರಿ ಕಟ್ಟುತ್ತಿರುವ ಒಂದು ದೊಡ್ಡ ಪ್ರೋಗ್ರಾಮಿಗೆ ಸೇರಿಸಿಕೊಳ್ಳುತ್ತಾರೆ. ನನ್ನ ಹೋಬಳಿ ಅದರೊಳಗೆ ಸೇರಬೇಕು. ಅದೊಂದೇ ಆಸೆ ಹೊತ್ತು ಹೊರಟೆ.

ಆ ಹೋಬಳಿಯಲ್ಲಿ ಬೇರೆ ಯಾರ ಬಳಿಯೂ ಇಲ್ಲದ ನಿಯಮ ಒಂದಿತ್ತು. ಅದು ಬಂದದ್ದು ಕಂದಿಕೆರೆಯ ನಮ್ಮಜ್ಜಿಯಿಂದ. ತಾತನ ಹೆಸರು ಕೆಂಪಯ್ಯ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿದವರು ನಿಮ್ಮ ಮನೆಯಲ್ಲೂ ಇದ್ದಾರು. ನಮ್ಮಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ಕೆಂಪು ಎಂಬ ಬಣ್ಣದ ಹೆಸರನ್ನೇ ಅವರು ಎತ್ತುತ್ತಿರಲಿಲ್ಲ. ಒಣಮೆಣಸಿನಕಾಯಿ, ದಾಸವಾಳ, ಸಂಜೆಯ ಮುಗಿಲು ಎಲ್ಲವೂ ಅವರಿಗೆ ಕುಂಕುಮದ ಬಣ್ಣ. ಮಾವನ ಹೆಸರೆಂದು ನಮ್ಮಮ್ಮನೂ ಹಾಗೇ ಅಂದರು. ಅಮ್ಮ ಅಂದದ್ದನ್ನು ನಾವು ಅಂದೆವು. ನನ್ನ ಸೋದರತ್ತೆ ದಬ್ಬೇಘಟ್ಟಕ್ಕೆ ಮದುವೆಯಾಗಿ ಹೋದರು. ಆ ಊರಿನಲ್ಲಿ ಕೆಂಪಯ್ಯನ ಹಂಗು ಯಾರಿಗೂ ಇಲ್ಲ, ಆದರೂ ಅವರ ಮಕ್ಕಳು ಇವತ್ತಿಗೂ ಕುಂಕುಮದ ಬಣ್ಣದ ಸೀರೆ ಎನ್ನುತ್ತಾರೆ. ಕಾರಣ ಕಂದಿಕೆರೆಯಲ್ಲೇ ಉಳಿಯಿತು, ಮಾತು ಮಾತ್ರ ಬಸ್ಸು ಹತ್ತಿ ಹೋಯಿತು. ಇದನ್ನೇ ನಾನು ಪ್ರೋಗ್ರಾಮಿನಲ್ಲಿ ಬರೆದೆ: ಸೊಸೆಯಾಗಿ ಬಂದವಳು ಆ ಮನೆಯ ಗಂಡಸರ ಹೆಸರನ್ನು ಹೋಲುವ ಮಾತನ್ನು ಆಡುವುದಿಲ್ಲ, ಬದಲಿಗೆ ಇನ್ನೊಂದನ್ನು ಹುಡುಕಿಕೊಳ್ಳುತ್ತಾಳೆ. ಇದಕ್ಕೆ ಸೊಸೆ ನಿಯಮ ಎಂದು ಹೆಸರಿಟ್ಟಿದ್ದೆ.

ಹೊರಡುವ ದಿನ ನಮ್ಮ ಮನೆಯವರು ತೋಟಕ್ಕೆ ನೀರು ಬಿಟ್ಟು ಬಂದು ಜಗಲಿಯ ಮೇಲೆ ಕೂತಿದ್ದರು.

“ಅಷ್ಟ್ ದೂರ ಹೋಗಿ ಏನ್ ತೋರಿಸ್ತೀಯೇ?” ಎಂದರು.

“ನಮ್ಮಜ್ಜಿ ಮಾತಾಡೋ ತರಾನ ಕಣ್ರೀ.”

“ಅದ್ಕೆ ಇಮಾನ ಯಾಕೆ? ಕಂದಿಕೆರೆಗೆ ಬಸ್ಸೈತಲ್ಲ.”

ನಮ್ಮತ್ತೆ ಮಾತ್ರ ಗಂಭೀರವಾಗಿದ್ದರು. ಗಾಣದಲ್ಲಿ ಆಡಿಸಿದ ಕೊಬ್ಬರಿ ಎಣ್ಣೆಯ ಬಾಟಲಿ ತಂದು ನನ್ನ ಪೆಟ್ಟಿಗೆಗೆ ತುರುಕಿದರು. “ಅಲ್ಲಿ ಚಳಿಯಂತೆ ಕಣವ್ವ, ತಲೆ ಒಣಗ್ತದೆ, ದಿನಾ ಹಚ್ಕೋ.” ಬೇಡ ಎನ್ನಲು ಬಾಯಿ ಬರಲಿಲ್ಲ. ಕೊಬ್ಬರಿಯ ಊರಿನ ಸೊಸೆ ಎಣ್ಣೆಯಿಲ್ಲದೆ ಪರದೇಶಕ್ಕೆ ಹೋದರೆ ಮನೆಯ ಮಾನ ಏನಾಗಬೇಕು?

ಎಡಿನ್‌ಬರೋ, ಇಳಿದ ದಿನ

ಇಲ್ಲಿ ಮನೆಗಳೆಲ್ಲ ಕಲ್ಲಿನವು, ಹೊಗೆ ಹಿಡಿದ ಅಡುಗೆಮನೆಯ ಗೋಡೆಯ ಬಣ್ಣದವು. ಗಾಳಿ ಮನುಷ್ಯರನ್ನು ನೂಕುತ್ತದೆ. ಸೆರಗು ಹಿಡಿದುಕೊಳ್ಳುವುದೋ ಚೀಲ ಹಿಡಿದುಕೊಳ್ಳುವುದೋ ತಿಳಿಯದೆ ಒಬ್ಬರ ಕಾಲು ತುಳಿದೆ. ತುಳಿಸಿಕೊಂಡವರೇ ನನ್ನಲ್ಲಿ ಕ್ಷಮೆ ಕೇಳಿದರು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಹೀಗಾಗಿದ್ದರೆ ನನ್ನ ಅಪ್ಪ ಅಮ್ಮನ ವಿಚಾರವೆಲ್ಲ ಬಂದಿರುತ್ತಿತ್ತು. ಉಳಿದುಕೊಂಡ ಮನೆಯ ಸ್ನಾನದ ಕೋಣೆಯಲ್ಲಿ ಕುದಿಯುವ ನೀರಿಗೊಂದು ನಲ್ಲಿ, ಕೊರೆಯುವ ನೀರಿಗೊಂದು ನಲ್ಲಿ. ಎರಡನ್ನೂ ಬೆರೆಸಲು ಚೊಂಬಿಲ್ಲ. ಒಂದು ಕೈ ಬೆಂದು ಇನ್ನೊಂದು ಮರಗಟ್ಟಿದ ಮೇಲೆ ಮನೆಯೊಡತಿಯ ಹತ್ತಿರ ಟೀ ಕುಡಿಯುವ ಬಟ್ಟಲೊಂದನ್ನು ಬೇಡಿ ತಂದೆ.

ಆಮೇಲೆ ಪೆಟ್ಟಿಗೆ ತೆರೆದೆ.

ದಾರಿಯಲ್ಲಿ ವಿಮಾನ ಬದಲಿಸಿದ ಮುಂಬಯಿಯ ಸೆಕೆಯಲ್ಲಿ ಅತ್ತೆಯ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಎಣ್ಣೆ ಹರಿದು, ಒಡೆಯದಿರಲೆಂದು ನಾನು ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದ ಫ್ಲಾಪಿಗಳನ್ನು ನೆನೆಸಿ, ಇಲ್ಲಿಯ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬೇಸಿಗೆ ಎಂದು ಇವರು ಕರೆಯುವುದು ನಮ್ಮ ಮಾರ್ಗಶಿರಕ್ಕಿಂತ ತಣ್ಣಗೆ. ಪ್ರೋಗ್ರಾಮಿನ ಪ್ರತಿ ಇದ್ದದ್ದು ಆ ಫ್ಲಾಪಿಗಳಲ್ಲಿ ಮತ್ತು ತಿಪಟೂರಿನ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ. ಲ್ಯಾಬಿಗೆ ರಜೆ, ಬೀಗದ ಕೈ ನನ್ನದೇ ಚೀಲದಲ್ಲಿ.

ಪಕ್ಕದ ಕೋಣೆಯಲ್ಲಿ ಅದೇ ಸಭೆಗೆ ಬಂದಿದ್ದ ಪೋರ್ಚುಗಲ್ಲಿನ ಇನೆಸ್ ಎಂಬ ಹೆಂಗಸಿದ್ದಳು. ನನ್ನ ವಯಸ್ಸಿನವಳೇ. ನಾನು ಫ್ಲಾಪಿಯನ್ನು ಸೆರಗಿನಿಂದ ಉಜ್ಜುತ್ತಿದ್ದುದನ್ನು ಕಂಡು ಒಳಗೆ ಬಂದಳು. ಮೂಸಿ ನೋಡಿದಳು. “ತಿನ್ನುವಂಥದ್ದೇ?” ಎಂದು ಕೇಳಿದಳು. ಹೌದೆಂದೆ. ಅಳು ಬರುವುದರಲ್ಲಿತ್ತು, ಅವಳ ಮುಖ ನೋಡಿ ನಗು ಬಂತು.

“ನೀನೇ ಬರೆದದ್ದು ತಾನೆ? ಹಾಗಾದರೆ ಇನ್ನೊಮ್ಮೆ ಬರೆ. ನಾನು ಪಕ್ಕದಲ್ಲಿ ಕೂರುತ್ತೇನೆ” ಎಂದಳು. ಇಂಗ್ಲಿಷ್ ಇಬ್ಬರಿಗೂ ಸ್ವಂತದ್ದಲ್ಲ, ಹಾಗಾಗಿ ನಮ್ಮಿಬ್ಬರ ಮಾತು ಸಲೀಸಾಗಿ ನಡೆಯಿತು. ಆ ಊರಿನವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಅವಳಿಗೆ ಮುಕ್ಕಾಲು.

ಸಭೆಯ ಮೊದಲೆರಡು ದಿನ

ಬೆಳಗಿನ ತಿಂಡಿಗೆ ಓಟ್ಸಿನ ಗಂಜಿ ಕೊಟ್ಟರು. ನೋಡಲು ಅಂಬಲಿ. ಮಜ್ಜಿಗೆ ಇಲ್ಲ, ಈರುಳ್ಳಿ ಇಲ್ಲ, ನೆಂಚಿಕೊಳ್ಳಲು ಒಂದು ಮೆಣಸಿನಕಾಯಿಯೂ ಇಲ್ಲ. ಅಂಬಲಿಯನ್ನು ಇಷ್ಟು ಒಂಟಿಯಾಗಿ ನಾನು ಎಂದೂ ನೋಡಿರಲಿಲ್ಲ. ಆದರೂ ಹೊಟ್ಟೆ ತುಂಬಿತು, ಓಡಿದೆ.

ಅಲ್ಲಿ ಕಂಡದ್ದನ್ನು ಹೇಳಹೊರಟರೆ ಈಗಲೂ ಮಾತು ಒಂದರ ಮೇಲೊಂದು ಬೀಳುತ್ತದೆ. ಒಂದು ಮೇಜಿನ ಮೇಲೆ ಎರಡು ಯಂತ್ರ. ಅವಕ್ಕೆ ಕಣ್ಣಿನ ಬದಲು ಕ್ಯಾಮೆರಾ, ಎದುರಿಗೆ ಬಣ್ಣಬಣ್ಣದ ಬಿಲ್ಲೆಗಳು. ಯಾರೂ ಅವಕ್ಕೆ ಒಂದು ಮಾತನ್ನೂ ಹೇಳಿಕೊಟ್ಟಿಲ್ಲ. ಒಂದು ಯಂತ್ರ ಒಂದು ಬಿಲ್ಲೆಯನ್ನು ನೋಡಿ ಬಾಯಿಗೆ ಬಂದದ್ದನ್ನು ಅನ್ನುತ್ತದೆ, ‘ವಬೂ’ ಎಂದೋ ‘ಕಿಮಿ’ ಎಂದೋ. ಇನ್ನೊಂದು ಯಾವ ಬಿಲ್ಲೆ ಎಂದು ಊಹಿಸುತ್ತದೆ. ತಪ್ಪಿದರೆ ಮೊದಲನೆಯದು ತೋರಿಸಿಕೊಡುತ್ತದೆ. ಬೆಳಿಗ್ಗೆ ಬರೀ ಗಲಾಟೆ. ಊಟ ಮುಗಿಸಿ ಬರುವಷ್ಟರಲ್ಲಿ ಎರಡೂ ಒಂದೇ ಭಾಷೆ ಆಡುತ್ತಿದ್ದವು. ನಾನು ಮೇಜಿನ ಸುತ್ತ ಪ್ರದಕ್ಷಿಣೆ ಹಾಕಿದ್ದನ್ನು ನೋಡಿ ನಾಲ್ಕು ಜನ ನಕ್ಕರು.

ಇನೆಸಳ ಪ್ರೋಗ್ರಾಂ ಇನ್ನೂ ಸೊಗಸು. ಅವಳ ಪುಟಾಣಿ ಜನರ ಮೊದಲ ತಲೆಮಾರು ಗೊತ್ತುಗುರಿಯಿಲ್ಲದೆ ಮಾತಾಡುತ್ತದೆ. ಅವರ ಮಕ್ಕಳು ಅದರಲ್ಲಿ ಸ್ವಲ್ಪವನ್ನಷ್ಟೇ ಕೇಳಿಸಿಕೊಂಡು ಉಳಿದದ್ದನ್ನು ತಾವೇ ಊಹಿಸಿ ಆಡುತ್ತಾರೆ. ಅವರ ಮಕ್ಕಳು ಅವರಿಂದ, ಹೀಗೆ. ಎಷ್ಟೋ ತಲೆಮಾರು ಕಳೆದ ಮೇಲೆ ನೋಡಿದರೆ ಆ ಗೊಂದಲಕ್ಕೆ ವ್ಯಾಕರಣ ಬಂದಿರುತ್ತದೆ. ಯಾರೂ ಕೂತು ಕಟ್ಟಿದ್ದಲ್ಲ. ನಮ್ಮ ತೋಟದಲ್ಲಿ ಕಾಲುದಾರಿ ಬೀಳುತ್ತದಲ್ಲ, ಹಾಗೆ: ಯಾರೂ ದಾರಿ ಮಾಡುವುದಿಲ್ಲ, ಎಲ್ಲರೂ ನಡೆಯುತ್ತಾರೆ, ಒಂದು ದಿನ ದಾರಿ ಇರುತ್ತದೆ. ಇದನ್ನು ಇನೆಸಳಿಗೆ ಹೇಳಿದೆ. ತನ್ನ ಭಾಷಣಕ್ಕೆ ಕದಿಯುತ್ತೇನೆಂದಳು.

ಸಂಜೆ ಅಂತ ಒಂದು ಅಲ್ಲಿ ಬರುವುದೇ ಇಲ್ಲ. ಊಟವಾದ ಮೇಲೂ ಬಿಸಿಲು. ಆ ಬೆಳಕಿನಲ್ಲಿ ಕೂತು ಹೋಬಳಿಯನ್ನು ಮತ್ತೆ ಟೈಪ್ ಮಾಡಿದೆ. ಆಶ್ಚರ್ಯವೆಂದರೆ ಬೆರಳುಗಳಿಗೆ ಎಲ್ಲ ನೆನಪಿತ್ತು. ಹುಟ್ಟು ಬಂತು, ಸಾವು ಬಂತು, ಸಂತೆ ಬಂತು, ಮದುವೆ ಬಂತು. ಕೊನೆಗೆ ಸೊಸೆ ನಿಯಮವನ್ನು ಬರೆದು ಓಡಿಸಿದಾಗ ಹಳ್ಳಿಗಳು ಒಂದೊಂದೇ ಬಣ್ಣ ಬದಲಿಸತೊಡಗಿದವು. ಒಂದೇ ವಸ್ತುವಿಗೆ ಒಂದೊಂದು ಊರಿನಲ್ಲಿ ಒಂದೊಂದು ಮಾತು ನೆಲೆ ನಿಂತಿದೆ ಎಂದು ಅದರ ಅರ್ಥ. ಇನೆಸ್ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಬೆಂಗಳೂರಿನಿಂದ ಇಲ್ಲಿಯವರೆಗಿನ ಸುಸ್ತೆಲ್ಲ ಇಳಿದುಹೋಯಿತು.

ಬುಧವಾರ

ಸಭೆಯ ಯಜಮಾನಿಕೆ ಪ್ರೊಫೆಸರ್ ಫರ್ಗಸ್ ಅವರದು. ನೆಟ್ಟಗೆ ನಿಲ್ಲುವ ಮನುಷ್ಯ, ಬಿಳಿ ಹುಬ್ಬು, ಮಾತು ತೂಕದ್ದು. ಶುಕ್ರವಾರ ಯಾರು ತೋರಿಸಬೇಕೆಂಬುದು ಅವರ ಕೈಯಲ್ಲಿತ್ತು. ನನ್ನ ಹೋಬಳಿಯನ್ನು ಕೈಕಟ್ಟಿ ನೋಡಿದರು. ಸಂತೆ ಇಷ್ಟವಾಯಿತು. ಹೆಣ್ಣುಮಕ್ಕಳೇ ಊರು ಬಿಟ್ಟು ಹೋಗುವುದು ಇಷ್ಟವಾಯಿತು. ಸೊಸೆ ನಿಯಮದ ಹತ್ತಿರ ಬಂದಾಗ ಹುಬ್ಬು ಮೇಲೆ ಹೋಯಿತು.

“ಈ ಸೊಸೆಗೆ ಮಾತು ಗೊತ್ತು. ಕೇಳುವವರಿಗೂ ಗೊತ್ತು. ಆದರೂ ಆಡುವುದಿಲ್ಲ. ಯಾಕೆ?”

ಅಜ್ಜಿಯ ಕಥೆ ಹೇಳಿದೆ. ತಾಳ್ಮೆಯಿಂದ ಕೇಳಿದರು.

“ಚೆನ್ನಾಗಿದೆ. ಆದರೆ ಅದು ನಿಮ್ಮ ಒಂದು ಊರಿನ ವಿಚಿತ್ರ. ಎಲ್ಲರಿಗೂ ಅರ್ಥವಾಗುವ ಮಾತನ್ನು ಬಿಟ್ಟು ಅರ್ಥವಾಗದ್ದನ್ನು ಆಡುವುದರಿಂದ ಯಾರಿಗೂ ಲಾಭವಿಲ್ಲ. ಮಾತಾಡುವ ಪ್ರಾಣಿಯ ಬಗ್ಗೆ ನಾವು ಮಾಡುತ್ತಿರುವ ಪ್ರೋಗ್ರಾಮಿನಲ್ಲಿ ಅದಕ್ಕೆ ಜಾಗವಿಲ್ಲ. ತೆಗೆದುಹಾಕಿ ಶುಕ್ರವಾರ ತೋರಿಸಿ. ಇಟ್ಟುಕೊಳ್ಳುವುದಾದರೆ ನಿಮ್ಮ ಸಮಯವನ್ನು ಬೇರೆಯವರಿಗೆ ಕೊಡುತ್ತೇನೆ” ಎಂದರು. ಬೈದಿದ್ದರೆ ವಾದ ಮಾಡುತ್ತಿದ್ದೆ. ಮರ್ಯಾದೆಯಿಂದ ಹೇಳಿದರು, ಅದಕ್ಕೇನು ಮಾಡುವುದು?

ನಿಯಮ ತೆಗೆದು ಓಡಿಸಿ ನೋಡಿದೆ. ಸ್ವಲ್ಪ ಹೊತ್ತು ಬಣ್ಣಗಳು ಗುದ್ದಾಡಿದವು, ಆಮೇಲೆ ಹನ್ನೆರಡು ಹಳ್ಳಿಯೂ ಒಂದೇ ಬಣ್ಣಕ್ಕೆ ತಿರುಗಿ ಹಾಗೇ ನಿಂತುಬಿಟ್ಟವು. ಎಷ್ಟು ತಲೆಮಾರು ಓಡಿಸಿದರೂ ಅಷ್ಟೇ. ಸಂತೆ ಎಲ್ಲರ ಮಾತನ್ನೂ ಒಂದು ಮಾಡಿತ್ತು. ನಮ್ಮಜ್ಜಿ ಇಲ್ಲದ ಹೋಬಳಿಯಲ್ಲಿ ಹೊಸ ಮಾತು ಹುಟ್ಟಲು ಕಾರಣವೇ ಇರಲಿಲ್ಲ. ಇದನ್ನು ತೋರಿಸಲು ಇಷ್ಟು ದೂರ ಬರಬೇಕಿತ್ತೇ ಎಂದು ಇನೆಸಳನ್ನು ಕೇಳಿದೆ. ಅವಳು ನನ್ನ ಬಟ್ಟಲಿಗೆ ಇನ್ನಷ್ಟು ಟೀ ಸುರಿದಳು.

ಸಮುದ್ರದ ದಂಡೆ

ಗುರುವಾರ ಅರ್ಧ ದಿನ ಬಿಡುವು. ಎಲ್ಲರನ್ನೂ ಬಸ್ಸಿನಲ್ಲಿ ಕರಾವಳಿಯ ಒಂದು ಮೀನುಗಾರರ ಹಳ್ಳಿಗೆ ಕರೆದೊಯ್ದರು. ಅದು ಫರ್ಗಸ್ ಅವರ ಹುಟ್ಟೂರು. ಅವರ ಅಪ್ಪ ದೋಣಿಯವರಂತೆ. ಊರಿಗೆ ಬಂದಕೂಡಲೇ ಅವರ ಇಂಗ್ಲಿಷೇ ಬದಲಾಯಿತು. ಹಾದಿಯಲ್ಲಿ ಸಿಕ್ಕವರೆಲ್ಲ ನಿಂತು ಮಾತಾಡಿಸಿದರು, ಮಾತೆಲ್ಲ ಮಳೆ ಗಾಳಿಯದೇ. ನಮ್ಮಲ್ಲಿ ಊಟ ಆಯ್ತಾ ಎಂದು ಕೇಳುವ ಜಾಗದಲ್ಲಿ ಇವರು ಗಾಳಿಯನ್ನು ಇಟ್ಟಿದ್ದಾರೆ. ಸಭೆಯಲ್ಲಿ ನೆಟ್ಟಗೆ ನಿಲ್ಲುವ ಮನುಷ್ಯ ಇಲ್ಲಿ ಜೇಬಿಗೆ ಕೈ ಹಾಕಿ ಓಲಾಡುತ್ತಾ ನಡೆಯುತ್ತಿದ್ದರು.

ದೋಣಿಗಳನ್ನು ಕಟ್ಟುವ ಕಲ್ಲಿನ ಕಟ್ಟೆಯ ಪಕ್ಕ ಒಂದು ಅಂಗಡಿ. ಅದರ ಹಲಗೆಯ ಮೇಲೆ ದೊಡ್ಡದೊಂದು ಮೀನಿನ ಚಿತ್ರ. ಕೆರೆಮೀನು ಬಿಟ್ಟರೆ ಬೇರೆ ಮೀನಿನ ಪರಿಚಯ ನನಗಿಲ್ಲ. ಬೇಸರ ಮರೆಯಲು ಏನಾದರೂ ಕೇಳಬೇಕಿತ್ತು.

“ಇದು ಯಾವ ಮೀನು?”

“ಅದು ಕೆಂಪು ಮೀನು” ಎಂದರು ಫರ್ಗಸ್.

ಚಿತ್ರದ ಮೀನು ಬೆಳ್ಳಿಯ ಬಣ್ಣದ್ದು. ಕೆಳಗೆ ಹೆಸರು ಬರೆದಿತ್ತು, ಓದಿದೆ. “ಸಾಮನ್ ಅಂತ ಇದೆಯಲ್ಲ?”

ಅವರ ಕೈ ತಾನಾಗಿಯೇ ಜೇಬಿನಿಂದ ಹೊರಗೆ ಬಂತು. ಕಟ್ಟೆಯ ಮೇಲೆ ದೋಣಿ ಕಟ್ಟಲು ಹೂತಿದ್ದ ಕಬ್ಬಿಣದ ಬಳೆಯನ್ನು ಬಗ್ಗಿ ಮುಟ್ಟಿ ಮೇಲೆದ್ದಿತು. ದೃಷ್ಟಿ ತೆಗೆದ ಮೇಲೆ ನಮ್ಮತ್ತೆ ನೆಲ ಮುಟ್ಟುವ ಹಾಗೆ, ಅಷ್ಟೇ ಸಲೀಸು. ನಾನು ನೋಡಿದ್ದನ್ನು ಅವರು ನೋಡಿದರು.

“ದೋಣಿಯವರು ಆ ಹೆಸರು ಎತ್ತುವುದಿಲ್ಲ. ಎತ್ತಿದರೆ ಸಮುದ್ರದಲ್ಲಿ ಕೇಡಾಗುತ್ತದೆ ಎನ್ನುತ್ತಾರೆ. ಹಂದಿಯ ಹೆಸರನ್ನೂ ಅಷ್ಟೇ. ಯಾರಾದರೂ ಅಂದರೆ ಕಬ್ಬಿಣ ಮುಟ್ಟಬೇಕು. ಅಪ್ಪನ ಅಭ್ಯಾಸ.”

“ಅಪ್ಪನ ಅಭ್ಯಾಸ” ಎಂದೆ ನಾನು. “ಸಾರ್, ನಿಮಗೆ ಮಾತು ಗೊತ್ತು. ನನಗೂ ಗೊತ್ತು. ಹಲಗೆಯ ಮೇಲೆ ಬರೆದೂ ಇದೆ. ಲಾಭವಿಲ್ಲದಿದ್ದರೂ ನೀವು ಆಡಲಿಲ್ಲ.”

ನಮ್ಮಜ್ಜಿ ಆಡಲಾರದ ಬಣ್ಣದ ಹೆಸರೇ ಇವರಿಗೆ ಇನ್ನೊಂದು ಮಾತನ್ನು ತಪ್ಪಿಸಿಕೊಳ್ಳುವ ಆಸರೆಯಾಗಿತ್ತು. ಕಂದಿಕೆರೆಗೂ ಈ ಕಟ್ಟೆಗೂ ನಡುವೆ ಎಷ್ಟು ಸಮುದ್ರ! ಫರ್ಗಸ್ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಆಮೇಲೆ, “ನಾಳೆ ನಿಯಮವನ್ನು ಇಟ್ಟುಕೊಂಡೇ ತೋರಿಸಿ. ಆದರೆ ನಾನು ಸುಮ್ಮನೆ ಬಿಡುವುದಿಲ್ಲ” ಎಂದರು.

ಇನೆಸಳ ಕೈ ಹಿಡಿದು ಕಟ್ಟೆಯ ತುದಿಯವರೆಗೆ ಓಡಿದೆ. ಸೀರೆ ಉಟ್ಟವಳು ಆ ಗಾಳಿಯಲ್ಲಿ ಓಡುವುದನ್ನು ಆ ಊರು ಮೊದಲ ಸಲ ನೋಡಿರಬೇಕು.

ಶುಕ್ರವಾರ

ಸಭೆ ತುಂಬಿತ್ತು. ಹೋಬಳಿ ಓಡಿತು. ಮೊದಲು ನಿಯಮ ಇಲ್ಲದೆ ಓಡಿಸಿ ಒಂದೇ ಬಣ್ಣ ತೋರಿಸಿದೆ. ಆಮೇಲೆ ನಿಯಮ ಸೇರಿಸಿದೆ. ಪರದೆಯ ಮೇಲೆ ಒಂದು ಮನೆಯಲ್ಲಿ ಹೊಸ ಬಣ್ಣದ ಚುಕ್ಕೆ ಹುಟ್ಟಿತು. ಆ ಮನೆಯ ಮಗಳು ಮದುವೆಯಾಗಿ ಹೋದ ಊರಿನಲ್ಲಿ ಇನ್ನೊಂದು ಚುಕ್ಕೆ, ಅವಳ ಮಕ್ಕಳಲ್ಲಿ ಮತ್ತಷ್ಟು. ನೋಡುನೋಡುತ್ತಾ ಊರಿಗೆ ಊರೇ ಬಣ್ಣ ಬದಲಿಸಿತು. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ನನ್ನ ಅಜ್ಜಿ ಅಷ್ಟು ಜನರ ಮುಂದೆ ಓಡಾಡುತ್ತಿದ್ದಾರೆ ಎನ್ನಿಸಿ ಕಣ್ಣು ತುಂಬಿತು.

ಫರ್ಗಸ್ ಎದ್ದರು.

“ಇಂಥ ನಿಯಮ ಇದೆಯೆಂದು ಒಪ್ಪಿದೆ. ನಮ್ಮಲ್ಲೂ ಇದೆ. ಆದರೆ ನಿಮ್ಮ ಪ್ರೋಗ್ರಾಮಿನಲ್ಲಿ ಇದು ಸಾಯುವುದೇ ಇಲ್ಲ. ಓದು ಬರಹ ಬಂದ ಮೇಲೆ, ಟಿ.ವಿ., ಕಂಪ್ಯೂಟರ್ ಬಂದ ಮೇಲೆ ಬೇಗನೆ ಅಳಿಸಿಹೋಗುವ ನಿಯಮವಾದರೆ ಅದನ್ನು ನಂಬಿ ಏನನ್ನೂ ಕಟ್ಟುವಂತಿಲ್ಲ. ಓದಿದ ಹೆಂಗಸರು ಇದನ್ನು ಪಾಲಿಸುತ್ತಾರೆಯೇ?”

ಪ್ರಶ್ನೆ ನ್ಯಾಯವಾದದ್ದು. ಓದಿದವರು ಬಿಟ್ಟುಬಿಡುತ್ತಾರೆ, ಇನ್ನೇನು? ನಮ್ಮ ಕಾಲೇಜಿನ ಹುಡುಗಿಯರನ್ನು ನೆನೆಸಿಕೊಂಡೆ, ಮದುವೆಯಾದವರೂ ಗಂಡನನ್ನು ಬಾಯಿ ತುಂಬ ಹೆಸರು ಹಿಡಿದು ಕೂಗುತ್ತಾರೆ. ಪ್ರಾಮಾಣಿಕವಾಗಿ ಉತ್ತರ ಹೇಳಿದರೆ ನಿಯಮ ಹೋಗುತ್ತದೆ, ನಿಯಮದ ಹಿಂದೆ ಹೋಬಳಿಯೂ ಹೋಗುತ್ತದೆ. ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ. ಬಿಡುತ್ತಾರೆ ಸಾರ್ ಎಂದು ಹೇಳಲು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

“ನಿಮ್ಮನ್ನೇ ತೆಗೆದುಕೊಳ್ಳೋಣ. ನೀವು ಕಂಪ್ಯೂಟರ್ ಕಲಿಸುವವರು. ನಿಮ್ಮ ಗಂಡನ ಹೆಸರೇನು?”

ಇದೇನು ದೊಡ್ಡ ವಿಷಯ ಎಂದುಕೊಂಡೆ. ವೀಸಾದ ಅರ್ಜಿಯಲ್ಲಿ ಆ ಹೆಸರನ್ನು ನಾನೇ ಬರೆದಿದ್ದೆ. ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ ಬರೆದಿದ್ದೆ. ಹೆಸರು ನಾಲಿಗೆಯ ಮೇಲೆ ಬಂತು, ಹಲ್ಲಿನ ಹತ್ತಿರ ನಿಂತಿತು. ಮದುವೆಯಾದ ದಿನ ನಾದಿನಿಯರು ಹೊಸ್ತಿಲಿನಲ್ಲಿ ಬಾಗಿಲು ತಡೆದು ಹೇಳಿಸಿದ್ದರು. ಅದಾದ ಮೇಲೆ ಒಮ್ಮೆಯೂ ಹೇಳಿಲ್ಲವೆಂಬುದು ನನಗೆ ತಿಳಿದದ್ದೇ ಆಗ, ಅಷ್ಟು ಜನರ ಎದುರು. ಯಾರೂ ಹೇಳಬೇಡವೆಂದಿರಲಿಲ್ಲ. ಆಯುಸ್ಸಿನ ಕಥೆಯನ್ನು ನಾನು ನಂಬುವವಳೂ ಅಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಮುಖ ಬಿಸಿಯಾಯಿತು, ಕೈ ಸೆರಗಿಗೆ ಹೋಯಿತು, ಬಾಯಿಂದ ಗಾಳಿ ಬಂತೇ ಹೊರತು ಹೆಸರು ಬರಲಿಲ್ಲ.

ಸಭೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕದ್ದು ಇನೆಸ್, ಆಮೇಲೆ ನಾನು, ಆಮೇಲೆ ಎಲ್ಲರೂ. ಫರ್ಗಸ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

“ನಿಯಮ ಇದ್ದಂತೆಯೇ ಇರಲಿ. ಹೋಬಳಿಯನ್ನು ಸೇರಿಸಿಕೊಳ್ಳೋಣ” ಎಂದು ಕೂತರು.

ಹೊರಗೆ ಓಡಿಬಂದು ರಸ್ತೆಯ ಪಕ್ಕದ ಬೂತಿನಿಂದ ಹೊನ್ನವಳ್ಳಿಯ ಮನೆಗೆ ಫೋನ್ ಮಾಡಿದೆ. ಎತ್ತಿದವರು ಮನೆಯವರೇ.

“ಏನಾಯ್ತೇ? ಚೆನ್ನಾಗ್ ಮಾಡಿದ್ಯಾ? ಏನ್ ಕೇಳಿದ್ರು?”

“ಕೊನೇಗೆ ನಿಮ್ ಹೆಸರು ಕೇಳಿದ್ರು ಕಣ್ರೀ.”

“ಹೇಳಿದ್ಯಾ?”

“ಬಾಯಿಗೇ ಬರ್ಲಿಲ್ಲ.”

ಮೆಲ್ಲಗೆ, “ಅಷ್ಟೂ ಹೇಳ್ಳಿಲ್ವಾ? ಹೋಗ್ಲಿ ಬುಡು, ಬೇಜಾರ್ ಮಾಡ್ಕಬ್ಯಾಡ. ಇನ್ನೊಂದ್ ಸಲ ಹೋದ್ರಾಯ್ತು” ಎಂದರು.

“ಅಯ್ಯೋ, ಪಾಸಾಯ್ತು ಕಣ್ರೀ. ಹೇಳ್ದೆ ಇದ್ದಿದ್ದಕ್ಕೇ ಪಾಸಾಯ್ತು.”



“ಹಂಗಾರೆ ನಮ್ಮವ್ವನ್ನೇ ಕಳಿಸ್ಬೋದಿತ್ತಲ್ಲೇ” ಎಂದರು.